ಜೋಗುಳ ಗುಡ್ಡದ ಮೇಲಿನ ಕಳ್ಳ

ನಮ್ಮ ಊರಿನಿಂದ ಆಚೆ ಊರಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. ಅದರಲ್ಲಿ ಇಪ್ಪತ್ತು ನಿಮಿಷ ಎಲ್ಲರೂ ನಿದ್ದೆ ಮಾಡುತ್ತಾರೆ. ಜೋಗುಳ ಗುಡ್ಡದ ನೆತ್ತಿ ಕಿಟಕಿಯಲ್ಲಿ ಕಾಣುತ್ತಿದ್ದಂತೆ ರೆಪ್ಪೆ ಭಾರವಾಗುತ್ತದೆ, ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗುಡ್ಡ ಹಿಂದಾಗಿ ಕೆಳಗೆ ನದಿ ಮಿಂಚಿದಾಗ ಎಲ್ಲರೂ ಒಟ್ಟಿಗೆ ಕಣ್ಣು ಬಿಟ್ಟು, ನಿಂತಲ್ಲಿಂದಲೇ ಮಾತು ಮುಂದುವರಿಸುತ್ತಾರೆ. ಪೈಲಟ್ಟೂ ಮಲಗುತ್ತಾನೆ. ವಿಮಾನಕ್ಕೆ ದಾರಿ ಗೊತ್ತು. ಈ ನಿದ್ದೆಯ ಬಗ್ಗೆ ನಮ್ಮಲ್ಲಿ ಯಾರಿಗೂ ಯಾವತ್ತೂ ದೂರಿರಲಿಲ್ಲ. ದೂರು ಇದ್ದದ್ದು ಆ ಇಪ್ಪತ್ತು ನಿಮಿಷದಲ್ಲಿ ಆಗುತ್ತಿದ್ದ ಕಳ್ಳತನದ ಬಗ್ಗೆ.

ಆ ದೂರುಗಳನ್ನು ಬರೆದುಕೊಳ್ಳುತ್ತಿದ್ದವಳು ನಾನು. ವಿಮಾನ ನಿಲ್ದಾಣದ ಮೂಲೆಯಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ನಾನು. ಹನ್ನೊಂದು ವರ್ಷ ಅಲ್ಲಿ ಕೂತು, ಕಳೆದುಕೊಂಡವರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಬರೆದಿದ್ದೇನೆ. ಹಾಗಾಗಿ ವಿಮಾನದಲ್ಲಿ ಬೆಲೆಬಾಳುವ ವಸ್ತುವನ್ನು ಎಲ್ಲೆಲ್ಲಿ ಬಚ್ಚಿಡಬಾರದು ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ತುರುಬಿನೊಳಗೆ ಇಟ್ಟ ಉಂಗುರ ಹೋಗಿತ್ತು. ಹಸೀನಾ ಟೈಲರ್ ಅಂಗಡಿಯಲ್ಲಿ ಹೊಲಿಸಿದ ಒಳಜೇಬಿನ ಒಳಗಿನ ಒಳಜೇಬಿನಿಂದಲೂ ಸರ ಹೋಗಿತ್ತು. ಮುರಿಯದ ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಅದರಲ್ಲಿ ಬಳೆ ಇಟ್ಟವರು ಇಳಿಯುವಾಗ ಬಳೆಯಿಲ್ಲದೆ ಕುಂಟಿದ್ದರು. ಒಬ್ಬರು ಕಾವಲಿಗೆಂದು ನಾಯಿ ತಂದರು. ಅದು ಎಲ್ಲರಿಗಿಂತ ಮೊದಲು ಮಲಗಿತು. ಇನ್ನೊಬ್ಬರು ಐವತ್ತು ಲಾಡು ಕಟ್ಟಿ ಒಂದರಲ್ಲಿ ಮಾತ್ರ ಓಲೆ ಅಡಗಿಸಿದ್ದರು. ಎದ್ದು ನೋಡಿದರೆ ನಲವತ್ತೊಂಬತ್ತು ಲಾಡು ಹಾಗೇ ಇದ್ದವು. ಕಳ್ಳನಿಗೆ ನಮ್ಮ ಮನಸ್ಸೇ ಕಾಣುತ್ತದೆ ಎಂದು ಊರವರು ಹೇಳುತ್ತಿದ್ದರು. ಬೇರೆ ಊರುಗಳಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಕೇಳುವಂತೆ ನಮ್ಮಲ್ಲಿ ವಿಮಾನ ಇಳಿದವರನ್ನು ಏನು ಹೋಯ್ತು ಎಂದು ಕೇಳುವುದು ರೂಢಿಯಾಗಿತ್ತು.

ಆದರೂ ಇಳಿದ ಮೇಲೆ ಯಾರೂ ಯಾರ ಚೀಲವನ್ನೂ ಶೋಧಿಸುತ್ತಿರಲಿಲ್ಲ. ನಿಮ್ಮ ಚೀಲ ಬಿಚ್ಚಿ ಎಂದರೆ ನೀವು ಕಳ್ಳರು ಎಂದಂತೆ. ಹಿಂದೊಮ್ಮೆ ಹಾಗೆ ಕೇಳಿದ್ದಕ್ಕೆ ಎರಡು ಮನೆತನಗಳು ಮೂವತ್ತು ವರ್ಷ ಒಬ್ಬರ ಮನೆಯ ನೀರು ಒಬ್ಬರು ಮುಟ್ಟಿರಲಿಲ್ಲ. ಅದರ ಬದಲು ವಿಮಾನದ ಮೆಟ್ಟಿಲ ಕೆಳಗೆ ಬಟ್ಟೆ ಮುಚ್ಚಿದ ಒಂದು ಬುಟ್ಟಿ ಇಡುತ್ತಿದ್ದರು. ಇಳಿಯುವ ಪ್ರತಿಯೊಬ್ಬರೂ ಬಟ್ಟೆಯ ಅಡಿಯಲ್ಲಿ ಕೈ ಇಳಿಬಿಟ್ಟು ತೆಗೆಯಬೇಕು. ಕಳ್ಳನಿಗೆ ಮನಸ್ಸು ಬದಲಾಗಿದ್ದರೆ ಯಾರಿಗೂ ಗೊತ್ತಾಗದಂತೆ ಹಿಂದಿರುಗಿಸಲಿ ಎಂದು. ನನ್ನ ಕಾಲದಲ್ಲಿ ಆ ಬುಟ್ಟಿಯಲ್ಲಿ ಸಿಕ್ಕಿದ್ದು ಒಂದೇ ಒಂದು ಮುರಿದ ಚಕ್ಕುಲಿ.

ಹನ್ನೊಂದು ವರ್ಷ ಕಿಟಕಿಯ ಹಿಂದೆ ಕೂತ ನಾನು ಹನ್ನೊಂದು ವರ್ಷದಿಂದ ವಿಮಾನ ಹತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಅಟ್ಟದ ಮೇಲಿತ್ತು. ತಂಗಿ ಕುಮುದಳ ಹೊಸ ಮನೆಯ ಗೃಹಪ್ರವೇಶಕ್ಕೆ ಅಮ್ಮನ ಜೊತೆ ಆಚೆ ಊರಿಗೆ ಹೋಗಿಬಂದಾಗ ನನ್ನ ಕೈಗಡಿಯಾರ ಕಳುವಾಯಿತು. ಅದು ದೊಡ್ಡ ವಿಷಯವಲ್ಲ. ಮನೆಗೆ ಬಂದು ಕೈಚೀಲ ಸುರಿದರೆ ಅದರಲ್ಲಿ ನನ್ನದಲ್ಲದ ಒಂದು ಬೆಳ್ಳಿಯ ನಶ್ಯದ ಡಬ್ಬಿ ಇತ್ತು, ಮುಚ್ಚಳದ ಮೇಲೆ ನವಿಲಿನ ಚಿತ್ರ. ಹೇಗೆ ಬಂತೋ ನನಗೆ ತಿಳಿಯದು. ಕೊಂಡುಹೋಗಿ ಕೊಟ್ಟರೆ, ಇದು ನಿನ್ನ ಚೀಲಕ್ಕೆ ಹೇಗೆ ಬಂತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಕಳ್ಳಿಯೊಬ್ಬಳ ಬಳಿ ಮಾತ್ರ ಉತ್ತರ ಇರುತ್ತದೆ. ಡಬ್ಬಿಯನ್ನು ನನ್ನ ಬಿ.ಎ. ನೋಟ್ಸುಗಳ ಗಂಟಿನೊಳಗೆ ಸೇರಿಸಿ ಅಟ್ಟಕ್ಕೆ ಹಾಕಿದೆ. ಆ ಗಂಟನ್ನು ಈ ಜನ್ಮದಲ್ಲಿ ಯಾರೂ ಬಿಚ್ಚುವುದಿಲ್ಲ ಎಂಬ ಧೈರ್ಯವಿತ್ತು. ಆಮೇಲೆ ಸ್ವಲ್ಪ ದಿನಕ್ಕೇ ದೂರಿನ ಕಿಟಕಿಯ ಕೆಲಸ ಕೇಳಿ ಪಡೆದೆ. ಡಬ್ಬಿಯ ಒಡೆಯರು ದೂರು ಕೊಡಲು ಬಂದಾಗ ಅವರ ವಿಳಾಸ ತಿಳಿದುಕೊಂಡು, ಒಂದು ದಿನ ಅವರ ಜಗಲಿಯ ಮೇಲಿಟ್ಟು ಓಡಿಬರಬೇಕೆಂಬುದು ಯೋಜನೆ. ನವಿಲಿನ ಡಬ್ಬಿಯನ್ನು ಕೇಳಿಕೊಂಡು ಇವತ್ತಿನವರೆಗೆ ಯಾರೂ ಬರಲಿಲ್ಲ.

ಹೀಗಿರುವಾಗ ಕುಮುದಳ ಮಗಳು ಚಾರುವಿನ ಮದುವೆ ಗೊತ್ತಾಯಿತು. ನಮ್ಮ ಮನೆಯ ಹೆಣ್ಣುಮಕ್ಕಳು ಧಾರೆಗೆ ಕೂರುವುದು ಅಮ್ಮನ ಬೆಂಡೋಲೆ ಹಾಕಿಕೊಂಡೇ. ಏಳು ಕೆಂಪು ಹರಳಿನವು, ಅಮ್ಮನ ಅಜ್ಜಿಯ ಕಾಲದವು. ಅವುಗಳನ್ನು ಜೋಗುಳ ಗುಡ್ಡ ದಾಟಿಸಿ ಮದುವೆಯ ಹಿಂದಿನ ದಿನ ತಲುಪಿಸುವುದು ನನ್ನ ತಲೆಗೆ ಬಂತು. ನಾನು ಮೂರು ರಾತ್ರಿ ನಿದ್ದೆಗೆಟ್ಟು ಯೋಚಿಸಿದೆ. ಕಡೆಗೆ ಒಂದನ್ನು ಅಮ್ಮ, ಒಂದನ್ನು ನಾನು ಇಟ್ಟುಕೊಳ್ಳುವುದು, ಕಳ್ಳ ಬಂದರೂ ಒಂದೇ ಹೋಗುತ್ತದೆ ಎಂದೆ.

"ಒಂದೇ ಕಿವಿ ತೋರಿಸ್ಕೊಂಡು ಧಾರೆಗೆ ಕೂತ್ಕೋತಾಳೇನೇ ಹುಡುಗಿ?" ಎಂದಳು ಅಮ್ಮ. ಎಪ್ಪತ್ತೆಂಟರ ಅಮ್ಮನಿಗೆ ಯಾವುದರ ಭಯವೂ ಇಲ್ಲ. ಅವಳಿಗೆ ವಿಮಾನವೆಂದರೆ ಇಪ್ಪತ್ತು ನಿಮಿಷದ ಒಳ್ಳೆಯ ನಿದ್ದೆ. ನನ್ನ ಭಾಗಕ್ಕೆ ಬಂದ ಭಯದಲ್ಲಿ ಅವಳದೂ ಸೇರಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವಳು ಒಂದು ಬೆಂಡೋಲೆಯನ್ನು ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿ ದಾರ ಎಳೆದು, ಹಿತ್ತಲಿಗೆ ಹೋಗಿ ನಾಲ್ಕು ಸಲ ಸೀನಿ ಬಂದಳು. ಹಿತ್ತಲ ಧೂಳು ಅವಳಿಗೆ ಮೊದಲಿನಿಂದಲೂ ಆಗದು.

ನನ್ನ ಬೆಂಡೋಲೆಗೆ ಜಾಗ ಹೊಳೆದದ್ದು ವಿಮಾನದ ಮೆಟ್ಟಿಲು ಹತ್ತುವಾಗ. ಹನ್ನೊಂದು ವರ್ಷದ ದೂರುಗಳಲ್ಲಿ ಯಾರೂ ಹೇಳದಿದ್ದ ಜಾಗ ಒಂದೇ ಉಳಿದಿತ್ತು. ಸೆರಗು ಅಡ್ಡ ಮಾಡಿಕೊಂಡು, ತಿರುಪು ಭದ್ರ ಮಾಡಿ, ಬೆಂಡೋಲೆಯನ್ನು ಬಾಯಿಗೆ ಹಾಕಿ ಎಡ ಕೆನ್ನೆಗೆ ಒತ್ತಿಕೊಂಡೆ.

ಕೂತದ್ದು ಮೂರು ಜನರ ಸೀಟು. ಕಿಟಕಿಯ ಬಳಿ ಅಮ್ಮ, ನಡುವೆ ನಾನು, ಈ ಕಡೆ ಹಾರ್ಮೋನಿಯಂ ರಿಪೇರಿಯ ದೊರೆಸ್ವಾಮಯ್ಯ. ಅವರನ್ನು ನೋಡಿ ಬೆಂಡೋಲೆಯನ್ನು ನಾಲಿಗೆಯಿಂದ ಕೆನ್ನೆಗೆ ಇನ್ನಷ್ಟು ಒತ್ತಿಕೊಂಡೆ. ಊರಿಗೆಲ್ಲ ಅನುಮಾನ ಇದ್ದದ್ದು ಆ ಮನುಷ್ಯನ ಮೇಲೆ. ನಾವೆಲ್ಲ ಮದುವೆ ಮುಂಜಿಗೆಂದು ವರ್ಷಕ್ಕೊಮ್ಮೆ ಹಾರಿದರೆ ಅವರು ಪ್ರತಿ ಗುರುವಾರ ತಪ್ಪದೆ ಹಾರುತ್ತಿದ್ದರು, ಕಾಲಡಿಯಲ್ಲಿ ಐದು ಡಬ್ಬಿಯ ದೊಡ್ಡ ಟಿಫನ್ ಕ್ಯಾರಿಯರ್ ಇಟ್ಟುಕೊಂಡು. ಒಬ್ಬರಿಗೆ ಐದು ಡಬ್ಬಿ ಊಟ ಯಾಕೆ ಬೇಕು ಎಂಬ ಪ್ರಶ್ನೆಯನ್ನು ನನ್ನ ಕಿಟಕಿಯಲ್ಲಿ ಹಲವರು ಕೇಳಿದ್ದರು. ಅವರೋ ಮಾತಿನ ಪ್ರಿಯರು. ಮದುವೆ ಯಾರದು, ವರ ಏನು ಮಾಡುತ್ತಾನೆ, ಧಾರೆ ಎಷ್ಟು ಗಂಟೆಗೆ ಎಂದೆಲ್ಲ ನನ್ನನ್ನೇ ಕೇಳಿದರು. ನಾನು ಎಲ್ಲದಕ್ಕೂ ಹೂಂ ಎಂದೆ. ವರನ ಹೆಸರೇನು ಎಂದದ್ದಕ್ಕೂ ಹೂಂ ಎಂದಾಗ ಅವರು ನನ್ನ ಉಬ್ಬಿದ ಕೆನ್ನೆಯನ್ನು ಕರುಣೆಯಿಂದ ನೋಡಿದರು.

"ಹಲ್ಲುನೋವಾ ತಾಯಿ? ಮದುವೆ ಹತ್ರ ಬಂದಾಗ್ಲೇ ಬರೋದು ಅದು. ತಗೊಳ್ಳಿ, ಲವಂಗ ಕಚ್ಕೊಳ್ಳಿ."

ಬೇಡ ಎನ್ನಲು ಬಾಯಿ ತೆರೆಯುವಂತಿಲ್ಲ. ಲವಂಗವನ್ನು ತುಟಿಯ ಸಂದಿಯಲ್ಲಿ ತೂರಿಸಿ ಬಲ ಕೆನ್ನೆಗೆ ಸರಿಸಿದೆ. ಅಮ್ಮ ನನ್ನ ಅವಸ್ಥೆ ನೋಡಿ ಕಿಟಕಿಯ ಕಡೆ ತಿರುಗಿ ನಕ್ಕಳು. ಅಷ್ಟರಲ್ಲಿ ಗುಡ್ಡದ ನೆತ್ತಿ ಕಂಡಿತು, ಅವಳ ನಗು ಮುಗಿಯುವ ಮೊದಲೇ ತಲೆ ವಾಲಿತು.

ನನಗೆ ನಿದ್ದೆ ಬರಲಿಲ್ಲ. ಮಲಗಿದರೆ ಬೆಂಡೋಲೆ ಗಂಟಲಿಗೆ ಇಳಿಯುತ್ತದೆ ಎಂಬ ಭಯವೋ, ಲವಂಗದ ಖಾರವೋ ಹೇಳಲಾರೆ. ಸುತ್ತ ಇಪ್ಪತ್ತು ಜನರ ಗೊರಕೆ, ನಾನೊಬ್ಬಳೇ ಕಣ್ಣು ಬಿಟ್ಟಿದ್ದೆ. ಕಳ್ಳ ಏಳುತ್ತಾನೆಂದು ದೊರೆಸ್ವಾಮಯ್ಯನವರ ಮೇಲೇ ಕಣ್ಣಿಟ್ಟಿದ್ದೆ. ಅವರು ಎದ್ದರು. ಅವರ ಹಿಂದಿನವರೂ ಎದ್ದರು. ಮುಂದಿನ ಸಾಲಿನ ಪುರೋಹಿತರು, ಅವರಾಚೆಯ ಮಸಾಲೆ ಪುಡಿ ಅಂಗಡಿಯ ನಂಜಮ್ಮಣ್ಣಿ, ನಮಗೆ ಶುಂಠಿ ಪೆಪ್ಪರಮೆಂಟು ಹಂಚಿದ ವಿಮಾನದ ಫಿಲೋಮಿನಾ, ಎಲ್ಲರೂ ಕಣ್ಣು ಮುಚ್ಚಿಕೊಂಡೇ ಎದ್ದರು. ಕೊನೆಗೆ ಪೈಲಟ್ಟೂ ಪರದೆ ಸರಿಸಿ ಈಚೆ ಬಂದ.

ಪುರೋಹಿತರು ಜುಟ್ಟು ಬಿಚ್ಚಿ ಅದರೊಳಗಿನ ಉಂಗುರ ತೆಗೆದು, ಎರಡು ಸಾಲು ನಡೆದು, ಯಾರದೋ ಮಡಿಚಿದ ಛತ್ರಿಯೊಳಗೆ ಇಳಿಬಿಟ್ಟರು. ನಂಜಮ್ಮಣ್ಣಿ ಎಲೆಕೋಸಿನ ಎಲೆ ಬಿಡಿಸಿ ಎರಡೆಳೆ ಸರ ಹೊರತೆಗೆದು ಫಿಲೋಮಿನಾಳ ಪೆಪ್ಪರಮೆಂಟಿನ ಡಬ್ಬದ ತಳಕ್ಕೆ ಸೇರಿಸಿದರು. ಫಿಲೋಮಿನಾ ತನ್ನ ಬಳೆಯನ್ನು ನಂಜಮ್ಮಣ್ಣಿಯ ಚೀಲಕ್ಕೆ ಹಾಕಿದಳು. ಆ ಇಕ್ಕಟ್ಟಿನಲ್ಲಿ ಒಬ್ಬರ ಕಾಲನ್ನು ಒಬ್ಬರು ತುಳಿಯಲಿಲ್ಲ. ಎದುರಾದವರಿಗೆ ಸರಿದು ದಾರಿ ಬಿಟ್ಟರು. ಮಲಗಿದ ಮಗುವಿಗೆ ಹೊದಿಕೆ ಸರಿಮಾಡುವವರ ಮುಖದಲ್ಲಿ ಇರುವಂಥ ನೆಮ್ಮದಿ ಎಲ್ಲರ ಮುಖದಲ್ಲೂ ಇತ್ತು. ನನಗೆ ಆ ಐವತ್ತು ಲಾಡು ನೆನಪಾಯಿತು. ಓಲೆ ಯಾವ ಲಾಡಿನಲ್ಲಿದೆ ಎಂದು ಗೊತ್ತಿದ್ದದ್ದು ಕಟ್ಟಿದವರಿಗೆ ಮಾತ್ರ. ನಮ್ಮ ವಸ್ತು ನಮ್ಮ ಹತ್ತಿರ ಇದ್ದರೆ ಕಳ್ಳ ಹುಡುಕಿಯೇ ಹುಡುಕುತ್ತಾನೆ ಎಂದು ಹೆದರಿ, ಪ್ರತಿಯೊಬ್ಬರೂ ನಿದ್ದೆಯಲ್ಲಿ ಅದನ್ನು ಇನ್ನೊಬ್ಬರ ಹತ್ತಿರ ಬಚ್ಚಿಡುತ್ತಿದ್ದರು. ಎದ್ದ ಮೇಲೆ ಮರೆಯುತ್ತಿದ್ದರು. ಇಷ್ಟು ವರ್ಷ ನಾನು ದೂರು ಬರೆದದ್ದು ಇಲ್ಲದ ಕಳ್ಳನ ಮೇಲೆ.

ದೊರೆಸ್ವಾಮಯ್ಯ ಅಂಗಿಯ ಜೇಬಿನಿಂದ ಒಂದು ಪುಟ್ಟ ಬೆಳ್ಳಿಯ ಕುಂಕುಮದ ಭರಣಿ ತೆಗೆದು ನನ್ನ ಕೈಚೀಲದೊಳಗೆ ಇಟ್ಟು ಮತ್ತೆ ಕೂತರು. ಆಗ ಅಮ್ಮ ಎದ್ದಳು. ಸೊಂಟದ ಚೀಲದ ದಾರ ಸಡಿಲಿಸಿ ಬೆಂಡೋಲೆ ತೆಗೆದಳು. ನನ್ನ ಮೊಣಕಾಲುಗಳನ್ನು ನಯವಾಗಿ ಪಕ್ಕಕ್ಕೆ ಸರಿಸಿ, ಬಗ್ಗಿ, ದೊರೆಸ್ವಾಮಯ್ಯನವರ ಕ್ಯಾರಿಯರಿನ ಚಿಲಕ ಬಿಡಿಸಿದಳು. ಎರಡನೆಯ ಡಬ್ಬಿಯಲ್ಲಿ ಮೊಸರನ್ನವಿತ್ತು. ಬೆಂಡೋಲೆಯನ್ನು ಅದರೊಳಗೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಅನ್ನ ಸವರಿ ಮಟ್ಟ ಮಾಡಿ, ಡಬ್ಬಿಗಳನ್ನು ಜೋಡಿಸಿ ಚಿಲಕ ಹಾಕಿ, ಬೆರಳು ನೆಕ್ಕಿಕೊಂಡು ಬಂದು ಕೂತಳು. ಅಮ್ಮಾ ಎಂದು ಕೂಗೋಣವೆಂದರೆ ಬಾಯಲ್ಲಿ ಇನ್ನೊಂದು ಬೆಂಡೋಲೆ.

ನಾನೇ ತೆಗೆದುಬಿಡೋಣ ಎಂದು ಕ್ಯಾರಿಯರಿಗೆ ಕೈ ಚಾಚಿದೆ. ಚಿಲಕಕ್ಕೆ ಬೆರಳು ತಗಲುವುದಕ್ಕೂ ಕಿಟಕಿಯಲ್ಲಿ ನದಿ ಮಿಂಚುವುದಕ್ಕೂ ಸರಿಹೋಯಿತು. ದೊರೆಸ್ವಾಮಯ್ಯ ಕಣ್ಣು ಬಿಟ್ಟು ಮೊದಲು ನೋಡಿದ್ದು ತಮ್ಮ ಕ್ಯಾರಿಯರಿನ ಮೇಲಿದ್ದ ನನ್ನ ಕೈಯನ್ನು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವರು ಕ್ಯಾರಿಯರ್ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅಮ್ಮ ತನ್ನ ಅರ್ಧ ನಗುವನ್ನು ಮುಗಿಸಿ, ಸೊಂಟ ತಡವಿಕೊಂಡು, ಹೋಯ್ತು ಕಣೇ ಎಂದಳು. ಮೊದಲ ಸಲ ಅವಳ ದನಿ ಸಣ್ಣಗಾಗಿದ್ದು ಕೇಳಿದೆ. ಇಡೀ ವಿಮಾನದಲ್ಲಿ ಚೀಲ ತಡವುವ ಸದ್ದು, ಹೋಯ್ತು, ನಂದೂ ಹೋಯ್ತು ಎಂಬ ಮಾತು.

ಇಳಿದು ಬುಟ್ಟಿಯ ಮುಂದೆ ಸಾಲು ನಿಂತೆವು. ಬೇಲಿಯಾಚೆ ಕುಮುದ, ಪಕ್ಕದಲ್ಲಿ ಕೈತುಂಬ ಮೆಹಂದಿ ಹಾಕಿಕೊಂಡ ಚಾರು ಕಾಯುತ್ತಿದ್ದರು. ನಂಜಮ್ಮಣ್ಣಿ ಎಲ್ಲರಿಗೂ ಕೇಳುವಂತೆ, "ವಾರವಾರ ಹಾರ್ಮೋನಿಯಂ ಕೆಡೋ ಊರು ಯಾವುದಪ್ಪ ಇದು? ಇಲ್ಲಿಯೋರೆಲ್ಲ ಹಾಡಿ ಹಾಡಿ ಸವೆಸ್ತಾರೇನೋ" ಎಂದರು. ಹತ್ತು ಕಣ್ಣು ದೊರೆಸ್ವಾಮಯ್ಯನವರ ಕಡೆ ತಿರುಗಿದವು. ಅವರು ತಲೆ ತಗ್ಗಿಸಿ ಬುಟ್ಟಿಗೆ ಕೈ ಹಾಕಿ ತೆಗೆದು ಹೊರಟರು. ಅವರ ಜೊತೆ ಮೊಸರನ್ನವೂ ಹೊರಟಿತು.

ಇನ್ನು ಹತ್ತು ಹೆಜ್ಜೆ ಹೋದರೆ ಚಾರುವಿಗೆ ಒಂದೇ ಬೆಂಡೋಲೆ. ನಿಮ್ಮ ಕ್ಯಾರಿಯರ್ ತೆಗೆಯಿರಿ ಎಂದರೆ ಬೆಂಡೋಲೆ ಸಿಗುತ್ತದೆ, ಆ ಮನುಷ್ಯ ಸಾಯುವವರೆಗೂ ಕಳ್ಳನಾಗುತ್ತಾನೆ. ಕಳ್ಳನಲ್ಲವೆಂದು ಕಣ್ಣಾರೆ ಕಂಡವಳು ನಾನೊಬ್ಬಳೇ. ಕಂಡದ್ದನ್ನು ಹೇಳಿದರೆ ನಂಬುವವರು ಯಾರು? ಹಲ್ಲುನೋವಿನಲ್ಲಿ ಕಂಡ ಭ್ರಮೆ ಎನ್ನುತ್ತಾರೆ. ನಂಬಿಸಲು ನನ್ನ ಬಳಿ ಇದ್ದದ್ದು ಒಂದೇ ದಾರಿ, ಅದು ಅಟ್ಟದ ಮೇಲಿನ ಗಂಟಿಗೆ ಹೋಗುತ್ತಿತ್ತು. ಅದನ್ನು ಬಿಚ್ಚಿದರೆ ದೂರು ಬರೆಯುವವಳ ಮನೆಯಲ್ಲೇ ಕಳವಿನ ಮಾಲು ಎಂದಾಗುತ್ತದೆ; ಕಿಟಕಿಯೂ ಇಲ್ಲ, ಮರ್ಯಾದೆಯೂ ಇಲ್ಲ. ನಾನು ಅಮ್ಮನನ್ನು ನೋಡಿದೆ. ಅವಳು ಬೇಲಿಯಾಚೆಯ ಮೊಮ್ಮಗಳ ಬರಿ ಕಿವಿ ನೋಡುತ್ತ ನಿಂತಿದ್ದಳು.

ನಾನು ಬಾಯಿಂದ ಬೆಂಡೋಲೆ ತೆಗೆದು ಸೆರಗಿನಲ್ಲಿ ಒರೆಸಿದೆ. ದೊರೆಸ್ವಾಮಯ್ಯನವರೇ, ಸ್ವಲ್ಪ ನಿಲ್ಲಿ ಎಂದೆ. ಎಲ್ಲರೂ ನಿಂತರು.

"ನಮ್ಮನೆ ಅಟ್ಟದ ಮೇಲೆ ಒಂದು ಬೆಳ್ಳಿ ನಶ್ಯದ ಡಬ್ಬಿ ಇದೆ. ನಂದಲ್ಲ. ಇದೇ ವಿಮಾನದಲ್ಲಿ ನನ್ನ ಚೀಲಕ್ಕೆ ಬಂದಿದ್ದು. ಹನ್ನೊಂದು ವರ್ಷದಿಂದ ಇಟ್ಕೊಂಡಿದೀನಿ, ಯಾರಿಗೂ ಹೇಳಿಲ್ಲ."

ಇಷ್ಟು ಹೇಳಿ ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೇ ಕೂತೆ. ಗುಡ್ಡದ ಮೇಲೆ ನೋಡಿದ್ದನ್ನೆಲ್ಲ ಹೇಳಿದೆ, ಜುಟ್ಟು, ಛತ್ರಿ, ಎಲೆಕೋಸು ಒಂದನ್ನೂ ಬಿಡದೆ. ಅಮ್ಮನ ಸರದಿ ಬಂದಾಗ ಮಾತ್ರ ತಡೆದೆ. ಯಾರೂ ನಗಲಿಲ್ಲ, ನಂಬಲೂ ಇಲ್ಲ. ಆಗ ನನ್ನ ಕೈಚೀಲದಿಂದ ಕುಂಕುಮದ ಭರಣಿ ತೆಗೆದು ನೆಲದ ಮೇಲೆ ಇಟ್ಟೆ. ಇದು ನಿಮ್ಮ ಜೇಬಿನಲ್ಲಿತ್ತು ಎಂದು ದೊರೆಸ್ವಾಮಯ್ಯನವರಿಗೆ ಹೇಳಿದೆ.

ಅವರು ಭರಣಿಯನ್ನೂ ನನ್ನನ್ನೂ ನೋಡಿದರು. ಕ್ಯಾರಿಯರನ್ನು ಕೆಳಗಿಟ್ಟು ನನ್ನೆದುರು ತಾವೂ ಕುಳಿತರು. "ಜೇಬಲ್ಲಿತ್ತು ನಿಜ. ನಂದೂ ಅಲ್ಲ ಅದು. ನಮ್ಮನೇಲಿ ಒಂದು ಟ್ರಂಕೇ ಇದೆ ಕಣಮ್ಮ."

ಅವರು ಪ್ರತಿ ಗುರುವಾರ ಹಾರುತ್ತಿದ್ದದ್ದು ಹಾರ್ಮೋನಿಯಂ ರಿಪೇರಿಗಲ್ಲ. ಒಂದು ಸಲ ಯಾರದೋ ಬಳೆ ತಮ್ಮ ಚೀಲದಲ್ಲಿ ಸಿಕ್ಕಿತಂತೆ. ಬುಟ್ಟಿಗೆ ಹಾಕಿಬಿಡೋಣವೆಂದು ಮುಂದಿನ ವಾರ ಜೇಬಿನಲ್ಲಿಟ್ಟುಕೊಂಡು ಹತ್ತಿದರು. ಇಳಿಯುವಷ್ಟರಲ್ಲಿ ಆ ಬಳೆ ಕಳುವಾಗಿ, ಮನೆಗೆ ಹೋಗಿ ನೋಡಿದರೆ ಬೇರೆಯವರ ಎರಡು ಉಂಗುರ ಬಂದಿದ್ದವು. ಹೀಗೇ ಎಂಟು ವರ್ಷ ಹಿಂದಿರುಗಿಸಲು ಹೋಗಿ ಹೋಗಿ ಟ್ರಂಕು ತುಂಬಿತ್ತು. ಐದು ಡಬ್ಬಿಯ ಕ್ಯಾರಿಯರ್ ತರುತ್ತಿದ್ದದ್ದು ಚೀಲದ ಬದಲಿಗೆ, ಅದಕ್ಕಾದರೂ ಯಾರದೂ ಬಂದು ಸೇರದಿರಲಿ ಎಂದು. ಹೇಳಿ ಮುಗಿಸಿದಾಗ ಅವರ ಮುಖದಲ್ಲಿ ದೊಡ್ಡ ಮೂಟೆ ಇಳಿಸಿದವರ ಕಳೆ ಇತ್ತು. ತಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದೆ ಎಂದಳು ಫಿಲೋಮಿನಾ ಮೆಲ್ಲಗೆ. ದೇವರ ಪೆಟ್ಟಿಗೆಯ ಕೆಳಗೆ ಇದೆ ಎಂದರು ಪುರೋಹಿತರು. ಉಪ್ಪಿನ ಭರಣಿಯಲ್ಲಿ ಎಂದರು ನಂಜಮ್ಮಣ್ಣಿ, ಅದೂ ಆಕಾಶ ನೋಡುತ್ತ. ಪೈಲಟ್ ಕೈಬೆರಳು ಮಡಿಚಿ ಎಣಿಸುತ್ತಿದ್ದ. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಬೇಲಿಯಾಚೆ ಇದ್ದವರು ಏನಾಯಿತೆಂದು ಕೂಗಿ ಕೇಳುವಷ್ಟು ನಕ್ಕೆವು.

ಆಮೇಲೆ ನಾನು ಎರಡನೆಯ ಡಬ್ಬಿ ಎಂದು ಹೇಳಿದೆ. ದೊರೆಸ್ವಾಮಯ್ಯ ಚಮಚ ಇಳಿಸಿದರು, ಠಣ್ ಎಂದಿತು. ಬೆಂಡೋಲೆಯನ್ನು ತೊಳೆದು ಅಮ್ಮನ ಕೈಗಿಟ್ಟು, ಇಷ್ಟು ವರ್ಷದಲ್ಲಿ ನನ್ನ ಊಟಕ್ಕೆ ಇಂಥ ಒಗ್ಗರಣೆ ಬಿದ್ದಿರಲಿಲ್ಲ ತಾಯಿ ಎಂದರು. ಅವರು ಮಾರನೆಯ ದಿನ ಮದುವೆಗೂ ಬಂದು, ಎರಡು ಕಿವಿಯಲ್ಲೂ ಹದಿನಾಲ್ಕು ಕೆಂಪು ಹರಳು ಮಿನುಗಿಸುತ್ತಿದ್ದ ಚಾರುವಿನ ಮುಂದೆ ಕೂತು ಹಾರ್ಮೋನಿಯಂ ನುಡಿಸಿದರು. ರಿಪೇರಿಯವರು ನುಡಿಸುವುದನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ತುಂಬ ಸಂತೋಷವಾಗಿ ನುಡಿಸಿದರು.

ಮುಂದಿನ ಭಾನುವಾರ ನಮ್ಮ ನಿಲ್ದಾಣದಲ್ಲಿ ಊರ ಮದುವೆಗಳಿಗೆ ಕೊಡುವ ಊಟದ ಮೇಜುಗಳನ್ನೆಲ್ಲ ತಂದು ಜೋಡಿಸಿದರು. ಜನ ಟ್ರಂಕು, ಡಬ್ಬಿ, ದಿಂಬಿನ ಚೀಲಗಳನ್ನು ತಂದು ಸುರಿದರು. ಹಗಲಿಡೀ ನಾನು ಹಳೆಯ ದೂರುಗಳನ್ನು ಓದಿ ಹೇಳಿದೆ, ಅವರವರದು ಅವರವರಿಗೆ ಸೇರಿತು. ಮೂವತ್ತು ವರ್ಷ ನೀರು ಮುಟ್ಟದವರು ಒಂದೇ ಲೋಟದಲ್ಲಿ ಪಾನಕ ಕುಡಿದರು. ನನ್ನ ಕೈಗಡಿಯಾರ ಫಿಲೋಮಿನಾಳ ಬಿಸ್ಕತ್ತಿನ ಡಬ್ಬಿಯಲ್ಲಿತ್ತು, ಹನ್ನೊಂದು ವರ್ಷದ ಹಿಂದಿನ ಗಂಟೆ ತೋರಿಸುತ್ತ. ಈಗ ವಿಮಾನದಲ್ಲಿ ನದಿ ಕಾಣುತ್ತಲೇ ಎಲ್ಲರೂ ಚೀಲ ಬಿಚ್ಚಿ ಪಕ್ಕದವರ ಮುಂದೆ ಹಿಡಿದು ನಿಮ್ಮದು ತಗೊಳ್ಳಿ ಎನ್ನುತ್ತಾರೆ. ನನ್ನ ಕಿಟಕಿಗೆ ಬರುವುದು ಕಾಣೆಯಾದ ಛತ್ರಿಗಳ ದೂರು ಮಾತ್ರ. ಅವು ನಿಜವಾಗಿಯೂ ಕಳ್ಳತನ.

ಆ ಭಾನುವಾರ ಸಂಜೆ ಮೇಜಿನ ಮೇಲೆ ಉಳಿದದ್ದು ಒಂದೇ ವಸ್ತು, ನವಿಲಿನ ಡಬ್ಬಿ. ಮೂರು ಸಲ ಕೂಗಿದೆ, ಯಾರೂ ಬರಲಿಲ್ಲ. ಜನ ಚದುರಿದರು. ಆಗ ಅಮ್ಮ ಆಚೀಚೆ ನೋಡಿ, ಬಂದು, ಡಬ್ಬಿ ಎತ್ತಿಕೊಂಡು ಮುಚ್ಚಳ ತಿರುಗಿಸಿದಳು. ಅವಳ ಕೈಗೆ ಅದರ ಪರಿಚಯ ಎಷ್ಟು ಚೆನ್ನಾಗಿತ್ತೆಂದರೆ ನಾನು ಏನೂ ಕೇಳಬೇಕಾಗಿರಲಿಲ್ಲ. ಹಿತ್ತಲ ಧೂಳಿನ ನಿಜ ನನಗೆ ಐವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ದೂರು ಕೊಡುವುದಕ್ಕೆ ಏನಾಗಿತ್ತಮ್ಮ ಎಂದೆ. ಕಿಟಕಿಯಲ್ಲಿ ನೀನು ಕೂತಿದ್ದೆಯಲ್ಲ, ನಶ್ಯ ಹಾಕುತ್ತೀಯಾ ಅಂತ ನನ್ನನ್ನೇ ಬೈಯುತ್ತಿದ್ದೆ ಎಂದಳು.

ನನಗೆ ಇನ್ನೊಂದು ಅರ್ಥವಾಗಿರಲಿಲ್ಲ. ಪಕ್ಕದಲ್ಲೇ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕೂತಿರುವಾಗ, ಬೆಂಡೋಲೆಯನ್ನು ಬಚ್ಚಿಡಲು ಅವಳಿಗೆ ಯಾರೋ ಬೇರೆಯವರ ಮೊಸರನ್ನವೇ ಯಾಕೆ ಬೇಕಾಯಿತು ಎಂದು ಕೇಳಿಯೇಬಿಟ್ಟೆ.

ಅಮ್ಮ ಖಾಲಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಹನ್ನೊಂದು ವರ್ಷದ ಹಳೆಯ ವಾಸನೆಗೇ ಒಂದು ಸಲ ಸೀನಿದಳು.

"ಹೋದ ಸಲ ನಿನ್ನ ಚೀಲದಲ್ಲಿ ಇಟ್ಟಿದ್ದೆ. ವಾಪಸ್ ಕೊಟ್ಯಾ?"